ಕಾರಣ: ಗಾಳಿ

ನಮ್ಮ ಸೈಟಿನ ದಿನಚರಿ ಪುಸ್ತಕದಲ್ಲಿ
ಏಳನೆಯ ಕಾಲಮ್ಮಿಗೆ ಹೆಸರು: ಕೆಲಸ ನಿಂತದ್ದಕ್ಕೆ ಕಾರಣ.
ಅಗಲ ಎರಡೇ ಬೆರಳು.
ಸಿಮೆಂಟ್ ಬಂದಿಲ್ಲ, ಕರೆಂಟಿಲ್ಲ, ಮಳೆ,
ಮೇಸ್ತ್ರಿಯ ಊರಲ್ಲಿ ಸಾವು,
ಇಷ್ಟು ಹಿಡಿಸುತ್ತದೆ.

ಜನವರಿ ಹತ್ತೊಂಬತ್ತು. ಬಿ ಬ್ಲಾಕಿನ ಕ್ರೇನಿನಿಂದ
ಸಾಯಬಣ್ಣ ವಾಕಿಟಾಕಿಯಲ್ಲಿ ಕೂಗಿದ:
'ಅಕ್ಕಾರ, ನಿಮ್ಮ ಸುತಳಿ ಸಿಕ್ಕೈತಿ ನೋಡ್ರಿ.'
ಸ್ಟೋರಿನಿಂದ ಮಾಯವಾದದ್ದೆಲ್ಲ ಸಿಕ್ಕಿತ್ತು:
ಸುತಳಿ, ಬೈಂಡಿಂಗ್ ವೈರು, ಹಸಿರು ಬಲೆಯ ಚಿಂದಿ,
ಹೆಲ್ಮೆಟ್ಟಿನ ಗಲ್ಲಪಟ್ಟಿ,
ಯಾರದೋ ಮಗುವಿನ ಒಂಟಿ ಕಾಲುಚೀಲ.
ಬೇಸ್‌ಮೆಂಟಿನ ಇಳಿಜಾರು ಬರಬೇಕಾದ ಕಡೆ,
ಕೆಂಪು ಬಣ್ಣದಲ್ಲಿ ೪೧ ಎಂದು ಬರೆಸಿಕೊಂಡು ನಿಂತ
ನೀಲಗಿರಿಯ ಕವಲಿನಲ್ಲಿ.
ನಡುವೆ ಎರಡು ಮೊಟ್ಟೆ.
'ತುಕ್ಕ ಹಿಡದಾಂಗ ಚುಕ್ಕಿ ಅದಾವ್ರಿ' ಅಂದ.

ಮರ ಕಡಿಯಲು ಅಪ್ಪಣೆ ಬಂದಿತ್ತು, ಸೀಲೂ ಇತ್ತು.
ಎಣಿಸಲು ಬಂದವರು ಕಾಂಡದ ಸುತ್ತಳತೆ ಹಿಡಿದಿದ್ದರು,
ಕತ್ತೆತ್ತಿರಲಿಲ್ಲ.

ವಾಚ್‌ಮನ್ ದೊಡ್ಡಮುನಿಯಪ್ಪ ಬಿಸಿಲಿಗೆ ಕೈ ಅಡ್ಡ ಹಿಡಿದು
'ಗರುಡನೇನಮ್ಮ?' ಎಂದು ಕೆನ್ನೆ ಮುಟ್ಟಿಕೊಳ್ಳಲು ಹೊರಟ.
ಬಿಳಿ ಎದೆಯಿಲ್ಲ, ಬಾಲ ಕವಲು.
'ಹದ್ದು' ಅಂದೆ.
ಎತ್ತಿದ ಕೈಯಲ್ಲೇ ಕಿವಿ ಕೆರೆದುಕೊಂಡ.

ಆ ಸಂಜೆ ಏಳನೆಯ ಕಾಲಮ್ಮಿನಲ್ಲಿ ಬರೆದೆ: ಗಾಳಿ.
ಗಾಳಿ ಜೋರಿದ್ದರೆ ಕ್ರೇನು ಆ ಕಡೆ ತಿರುಗಬಾರದು,
ಮರಕ್ಕೆ ಯಾರೂ ಹತ್ತಬಾರದು.
ನಿಯಮ ನನ್ನದಲ್ಲ, ಕಂಪನಿಯದು,
ಗೋಡೆಗೆ ಅಂಟಿಸಿದ್ದಾರೆ.
ಮರುದಿನವೂ ಗಾಳಿ.
ಅದರ ಮರುದಿನ, ಗಾಳಿ, ಪೂರ್ವದಿಂದ.
ಸುಳ್ಳಿಗೊಂದು ದಿಕ್ಕು ಕೊಟ್ಟರೆ ನಂಬುತ್ತಾರೆ.

ಹೆಣ್ಣೂರು ರಸ್ತೆಯ ರಹಮತ್ತನ ಕೋಳಿ ಅಂಗಡಿಯ ಮೇಲೆ
ಹತ್ತು ಗಂಟೆಗೆ ಗಿರಕಿ ಹೊಡೆಯುವ ಗುಂಪಿನಿಂದ
ಒಂದು ಮಾತ್ರ, ಕಾಲಲ್ಲಿ ಕರುಳಿನೆಳೆ ತೂಗಿಸಿಕೊಂಡು,
ನಮ್ಮತ್ತ ಹೊರಳುತ್ತಿತ್ತು.
ಅದರ ಹಾಜರಿಯನ್ನೂ ಬರೆದಿಡಬೇಕು ಅನಿಸುತ್ತಿತ್ತು.

ಫೆಬ್ರವರಿಯಲ್ಲಿ ಮ್ಯಾನೇಜರ್ ಉತ್ತಯ್ಯ ಪುಸ್ತಕ ತಿರುವಿದರು.
ಕಿಟಕಿಯಾಚೆ ನೋಡಿದರು.
ಒಣಹಾಕಿದ ಲುಂಗಿ ಮಿಸುಕುತ್ತಿರಲಿಲ್ಲ.
'ಗಾಳಿ ಬಂದಾಗ ತೂರಿಕೋ ಅಂತಾರೆ.
ನೀವು ಗಾಳಿಯನ್ನೇ ತರಿಸ್ತಿದ್ದೀರಿ.'
ಮೂವತ್ತಮೂರು ದಿನಕ್ಕೂ ಕೂತು ಸಹಿ ಹಾಕಿದರು.
'ಮಾರ್ಚ್ ಹತ್ತು. ಆಮೇಲೆ ನನ್ನ ಕೈಯಲ್ಲಿಲ್ಲ.'

ಹನ್ನೊಂದಕ್ಕೆ ತಾಯಪ್ಪ ಬಂದ,
ಸೊಂಟಕ್ಕೆ ಹಗ್ಗ, ಬೆನ್ನಿಗೆ ಗರಗಸ.
ಅರ್ಧ ಮರ ಹತ್ತಿದ್ದೇ ತಡ, ಮೇಲಿಂದ ಎರಗಿತು.
ಮೊದಲ ಸಲಕ್ಕೆ ರುಮಾಲು ಹೋಯಿತು,
ಎರಡನೆಯದಕ್ಕೆ ಬೋಳುತಲೆಯ ಮೇಲೆ ಮೂರು ಕೆಂಪು ಗೆರೆ.
ನಾನು ಡೆಟಾಲ್ ಹಚ್ಚುವಾಗ ಹಲ್ಲು ಕಚ್ಚಿ ಅಂದ:
'ಕೂಸೈತೆ ಕಣಮ್ಮ.
ಬಾಣಂತಿ ಮನೆ ಸೂರು ನಾನು ಕೀಳಾಕಿಲ್ಲ.
ಅರ್ಧ ದಿನದ ಕೂಲಿ ಕೊಟ್ಬುಡಿ.'
ಗಾಳಿ, ಒಬ್ಬನಿಗೆ ಗಾಯ, ಎಂದು ಬರೆದೆ.
ಅರ್ಧ ನಿಜ.

ಎರಡನೆಯ ಮೊಟ್ಟೆ ಒಡೆಯಲೇ ಇಲ್ಲ.
ನಮ್ಮ ಕಬ್ಬಿಣದ ಸದ್ದೋ, ಧೂಳೋ, ಅದರ ಹಣೆಬರಹವೋ,
ಅದನ್ನು ಬರೆಯಲು ಕಾಲಮ್ಮಿಲ್ಲ.

ಏಪ್ರಿಲ್ ಎರಡು. ಎಲೆಯಲುಗದ ಮಧ್ಯಾಹ್ನ.
ಮರಿ ಕೊಂಬೆಯ ತುದಿಗೆ ತೂರಾಡುತ್ತ ಬಂತು.
ಬಿತ್ತು ಎಂದು ಬುಟ್ಟಿ ಹೊತ್ತ ಹೆಂಗಸರು ಕೂಗಿದರು.
ಬೀಳುತ್ತಲೇ ಅರ್ಧದಾರಿಯಲ್ಲಿ ಬೀಳುವುದನ್ನು ಮರೆತು
ಕ್ರೇನಿನ ತೋಳಿನ ಮೇಲೆ ಹೋಗಿ ಕೂತಿತು.
ಸಾಯಬಣ್ಣ ಎರಡು ತಾಸು ಲಿವರ್ ಮುಟ್ಟಲಿಲ್ಲ,
ಉಚ್ಚೆಗೂ ಇಳಿಯಲಿಲ್ಲ.

ತಿಂಗಳ ಕೊನೆಗೆ ೪೧ ಉರುಳಿತು.
ತಾಯಪ್ಪನೇ ಉರುಳಿಸಿದ, ಪೂರ್ತಿ ಕೂಲಿಗೆ.
ಗೂಡನ್ನು ಬಾಂಡಲಿಯಲ್ಲಿ ತಂದು ನನ್ನ ಮೇಜಿನ ಮೇಲಿಟ್ಟ.
ಸುತಳಿಯನ್ನು ಜಮಾ ಬರೆದುಕೊಂಡೆ,
ಕಾಲುಚೀಲವನ್ನು ಬರೆಯಲಿಲ್ಲ.

ಈಗ ಅಲ್ಲಿ ಇಳಿಜಾರು, ಹಳದಿ ಬಾಣ, ಕಾರು.
ಪುಸ್ತಕ ಆಡಿಟ್ಟಿಗೆ ಹೋಗಿ ವಾಪಸು ಬಂದಿದೆ.
ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಕೇಳಿದ್ದಾರೆ:
ಎಪ್ಪತ್ನಾಲ್ಕು ದಿನ ಸತತ, ಎಂಥ ಗಾಳಿ ಇದು?

ಉತ್ತರ ಬರೆಯಲು ಕೂತಿದ್ದೇನೆ.
ಜಾಗ ಎರಡೇ ಬೆರಳು.