ನಾಲ್ಕು ಇಪ್ಪತ್ತರ ಕೂಗು

ಆಸ್ಪತ್ರೆಯ ಲಾಂಡ್ರಿಗೆ ನಾಲ್ಕೂಮುಕ್ಕಾಲಿಗೆ ಹಾಜರಿ.
ನಾಲ್ಕು ಇಪ್ಪತ್ತಕ್ಕೆ ಕೀಲಿ ತಿರುಗಿಸುತ್ತೇನೆ:
ಹೊಸ ಸ್ಲೇಟಿನ ಮೇಲೆ ತುಂಡು ಬಳಪ ಎಳೆದ ಹಾಗೆ
ಬಾನೆಟ್ಟಿನಡಿಯಿಂದ ಒಂದೇ ಉಸಿರಿನ ಕಿರುಚು,
ಬೀದಿಯ ಕೊನೆಯ ನಾಯಿಯವರೆಗೂ.

ಹದಿನೇಳು ವರ್ಷದ ಕೊರೊಲ್ಲಾ. ನನಗಿಂತ ಮುಂಚೆ
ಮೂವರ ಕೈ ಕಂಡದ್ದು.
ಮೊದಲ ವಾರ ರೇಡಿಯೋ ಜೋರು ಮಾಡಿದೆ.
ಎರಡನೆಯ ವಾರ ಅದರ ಬೆನ್ನು ತಟ್ಟಿ ಬೇಡಿಕೊಂಡೆ.
ಮೂರನೆಯ ವಾರ ವೈಪರಿನಡಿ ಒಂದು ಚೀಟಿ.
'ದಯವಿಟ್ಟು' ಮೂರು ಸಲ ಬಂದಿತ್ತು ಅದರಲ್ಲಿ,
ಒಂದಕ್ಕಿಂತ ಒಂದು ಒತ್ತಿ ಬರೆದದ್ದು.
ಸಹಿ: ಮಿಸೆಸ್ ಟಕ್‌ವೆಲ್, ಹನ್ನೊಂದನೇ ನಂಬರು.

ಶನಿವಾರ ಬೇಲಿಯಾಚೆಯ ಜ್ವೊಂಕೊನನ್ನು ಕರೆದೆ.
ವಯಾಲಾದ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ,
ರೋಲಿಂಗ್ ಮಿಲ್ಲಿನ ಮಗ್ಗುಲಲ್ಲೇ ನಿಂತವನು.
ಸ್ಟಾರ್ಟು ಮಾಡು ಅಂದ. ಮಾಡಿದೆ.
ಕಾರು ಪ್ರಾಣ ಹೋಗುವಂತೆ ಕೂಗಿತು.
ಅವನು ಕಾದ. ಮತ್ತೂ ಕಾದ.
'ಶುರುವಾಯಿತಾ?' ಅಂತ ಕೇಳಿದ.

ಮಿಲ್ಲು ಅವನ ಕಿವಿಯ ಅಟ್ಟವನ್ನೇ
ಕಿತ್ತುಕೊಂಡು ಹೋಗಿತ್ತು. ಹಕ್ಕಿ, ಸೀಟಿ, ಮೊಮ್ಮಗಳು,
ಯಾವುದೂ ಅಲ್ಲಿಗೆ ಹತ್ತಿ ಬರುವುದಿಲ್ಲ ಈಗ.
'ನೀನೇ ನನ್ನ ಕಿವಿ. ಹೇಗೆ ಕೂಗುತ್ತೆ ಹೇಳು.'

ನನ್ನ ಇಂಗ್ಲಿಷು ಹೊದಿಕೆ ಎಣಿಸುವಷ್ಟರದು.
ಕೀರಲು, ಚೀರು, ಕಿರ್ರೆನ್ನು, ಕಿಚಕಿಚ,
ಬೇಕಾದ ಮಾತೆಲ್ಲ ಆಚೆ ದಡದಲ್ಲಿ.
ಕೊನೆಗೆ ಗಂಟಲೆತ್ತಿ ಕಾರಿನ ಹಾಗೇ ಕೂಗಿದೆ,
ಹಾಡುಹಗಲು, ನಲವತ್ತಾರರ ಹೆಂಗಸು.
ಹನ್ನೊಂದರ ಪರದೆ ಅಲ್ಲಾಡಿತು.
ಅವನು ನನ್ನ ಬಾಯಿಯನ್ನೇ ನೋಡಿ, 'ಉದ್ದಕ್ಕೆ.
ತುಂಡು ತುಂಡಾಗಿ ಅಲ್ಲ. ಒಳ್ಳೇದು,' ಅಂದ.

ಬೆಲ್ಟು ನನಗೂ ಗೊತ್ತು. ದಾವಣಗೆರೆಯ ಹಿಟ್ಟಿನ ಗಿರಣಿಯಲ್ಲಿ
ಪಟ್ಟಿ ಜಾರಿದರೆ ಮೋದಿನಸಾಬ
ಹಿಡಿ ರಾಳದ ಪುಡಿ ಎರಚುತ್ತಿದ್ದ;
ಒಮ್ಮೆ ಕೆಮ್ಮಿ ಹಿಡಿದುಕೊಳ್ಳುತ್ತಿತ್ತು ಅದು.
ಕೈಸನ್ನೆಯಲ್ಲಿ ಹೇಳಿದೆ. ಜ್ವೊಂಕೊ ಹೌಹಾರಿದ:
ಇಲ್ಲಿಯ ಕೆಂಪು ಧೂಳಿಗೆ ಅಂಟು ಸೇರಿದರೆ
ಬೆಲ್ಟು ಉಂಡು ಉಂಡೇ ಸಾಯುತ್ತದೆ.

ಮೊದಲು ನೀರು. ಗಿಡಕ್ಕೆ ಚಿಮುಕಿಸುವ ಬಾಟಲಿಯಿಂದ
ಓಡುವ ಪಟ್ಟಿಯ ಗೀರುಗಳ ಮೇಲೆ ಎರಡು ಸಲ.
ಅಡಗಿದರೆ ಪುಲ್ಲಿ ಓರೆ. ಹೆಚ್ಚಿದರೆ ಬೆಲ್ಟು ಸಡಿಲ.
ಅಡಗಲಿಲ್ಲ. ಹೆಚ್ಚಲೂ ಇಲ್ಲ.
'ಕೂಗುತ್ತಿರುವುದು ಇದಲ್ಲ ಹಾಗಾದರೆ,' ಅಂದ.
ಒದ್ದೆ ಮೈಯಲ್ಲಿ ಅದು ಓಡುತ್ತಲೇ ಇತ್ತು.

ಜಡೆ ತೋರಿಸಿದ; ಅಂಗಿಯೊಳಗೆ ತುರುಕಿಕೊಂಡೆ.
ಉದ್ದ ಸ್ಕ್ರೂಡ್ರೈವರಿನ ಹಿಡಿ ನನ್ನ ಕಿವಿ ಹಿಂದಿನ ಎಲುಬಿಗೆ,
ತುದಿ ಒಂದೊಂದರ ಗಟ್ಟಿ ಒಡಲಿಗೆ.
ಆಲ್ಟರ್ನೇಟರು: ದೂರದ ಜೇನು.
ನೀರಿನ ಪಂಪು: ಕುದಿಯುವ ಅನ್ನ.
ಯಾವುದನ್ನೂ ನಡೆಸದ, ಬೆಲ್ಟಿಗೆ ದಾರಿ ತೋರುತ್ತ
ನಡುವೆ ಸುಮ್ಮನೆ ತಿರುಗುವ ಪುಟ್ಟ ಐಡ್ಲರು:
ಹಲ್ಲಿಗೆ ಸಿಕ್ಕ ಅಕ್ಕಿಗಲ್ಲು.

ಬಿಚ್ಚುವ ಮುಂಚೆ ದಾರಿ ಬರೆದುಕೋ ಅಂದ.
ಕಾಗದ? ಜೇಬಿನಲ್ಲಿ ಮಿಸೆಸ್ ಟಕ್‌ವೆಲ್.
ಅವಳ ದಯವಿಟ್ಟುಗಳ ಬೆನ್ನಿಗೆ ಐದು ಚುಕ್ಕಿ ಇಟ್ಟು,
ಒಂದರ ಮೇಲೆ, ಒಂದರ ಕೆಳಗೆ,
ಪೆನ್ನೆತ್ತದೆ ಎಳೆದೆ ಎಳೆ. ಕೈಗೆ ಗೊತ್ತಿತ್ತು.
ಚೀಟಿ ತಿರುಗಿಸಿ ತಿರುಗಿಸಿ ನೋಡಿದ ಅವನು:
'ಯಾರು ಕಲಿಸಿದ್ದು?'
ಹೊಸ್ತಿಲು ಅನ್ನಲೆ?

ಇಪ್ಪತ್ತೆಂಟು ಡಾಲರು. ಒಂದು ಬೋಲ್ಟು.
ನನ್ನ ಬೆರಳ ಗೆಣ್ಣಿನ ಅಷ್ಟು ಚರ್ಮ.

ಸೋಮವಾರ, ನಾಲ್ಕು ಇಪ್ಪತ್ತು. ಕೀಲಿ.
ಎಂಜಿನ್ನಿನ ಗುನುಗು, ಅಷ್ಟೇ.
ಕಾರು ಹಿಂದೆ ಸರಿದಾಗ ಎಡಗಾಲಿಯಲ್ಲೊಂದು
ಕಟಕಟ; ಇಷ್ಟು ದಿನ ಕೂಗಿನಡಿ ಮಲಗಿದ್ದದ್ದು.
ಬನಿಯನ್ನಿನಲ್ಲೇ ಗೇಟಿಗೆ ಬಂದಿದ್ದ ಜ್ವೊಂಕೊ
ಹುಬ್ಬೆತ್ತಿ ಕೇಳಿದ: ಇದೆಯಾ?
ಇಲ್ಲವೆಂದು ತಲೆಯಾಡಿಸಿದೆ.
ನಂಬಿ ಒಳಗೆ ಹೋದ;
ತನಗೊಬ್ಬನಿಗೆ ಬಿಟ್ಟು ಬೀದಿಗೆಲ್ಲ ಕೇಳುವಂತೆ
ಬಾಗಿಲು ಹಾಕಿಕೊಂಡ.

ಹನ್ನೊಂದರಲ್ಲಿ ದೀಪ ಹತ್ತಿತು.