ನಿಂತು ಕುಡಿದರೆ ಒಂದು ಬೆಲೆ

ತಾರ್ತುವಿನಿಂದ ಹೊರಟಾಗ ನಮ್ಮಿಬ್ಬರ ಬೆನ್ನ ಮೇಲೆ
ಕೋಲು ಮುರಿದ ಒಂದು ಟೆಂಟು,
ಎರಡು ಕರೀ ರೈ ಬ್ರೆಡ್ಡು,
ವೀವಿಯ ಅಜ್ಜಿ ಉಪ್ಪುನೀರಲ್ಲಿ ಹಾಕಿಕೊಟ್ಟ ಸೌತೆ ಒಂದು ಸೀಸೆ,
ಮತ್ತು ಚೌಕುಳಿ ಗೆರೆಯ ನೋಟುಬುಕ್ಕು.
ಲೆಕ್ಕ ನನ್ನದು, ನಕ್ಷೆ ಅವಳದು.
ಈ ಒಪ್ಪಂದ ರೀಗಾ ಬಸ್‌ನಿಲ್ದಾಣದ ತನಕ ಚೆನ್ನಾಗಿತ್ತು.

ಊರಲ್ಲಿ ಗುಡ್ಡವಾಗಿದ್ದ ನಮ್ಮ ಕ್ರೂನು
ಗಡಿ ದಾಟುತ್ತ ದಾಟುತ್ತ ಸಾಸಿವೆಯಾಯಿತು.
ಆಮೇಲೆ ನಾವು ರಾತ್ರಿಗಳನ್ನೆಲ್ಲ ಬಸ್ಸಿಗೆ ಮಾರಿದೆವು;
ಓಡುವ ಸೀಟಿನಲ್ಲಿ ಮಲಗಿದರೆ ಕೋಣೆಯ ಬಾಡಿಗೆ ಉಳಿತು.
ಊರುಗಳು ಬೆಳಗಿನ ಐದಕ್ಕೇ ಸಿಗುತ್ತಿದ್ದವು,
ಮುಖ ತೊಳೆಯದ ಊರುಗಳು.
ಕ್ರಾಕೂಫಿನಲ್ಲಿ ಪಾರಿವಾಳಗಳಿಗೆ ಬೈಯುತ್ತ ಚೌಕ ಗುಡಿಸುವವನು.
ವಿಯೆನ್ನಾದಲ್ಲಿ ಬೇಕರಿಯ ಹಿಂಬಾಗಿಲಲ್ಲಿ
ಸಿಗರೇಟು ಸೇದುತ್ತ ನಿಂತ, ಕೈಯೆಲ್ಲ ಹಿಟ್ಟಾದ ಹುಡುಗಿ.
ನಮ್ಮ ಗಂಟು ನೋಡಿದಳು, ಏನೂ ಕೇಳಲಿಲ್ಲ,
ನಿನ್ನೆಯ ಬನ್ನು ನಾಲ್ಕನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು.
ಬರೆದುಕೊಂಡೆ: ಬನ್ನು, ನಾಲ್ಕು, ಸೊನ್ನೆ.
ಸೊನ್ನೆ ಬರೆಯುವಾಗ ಆಗುವ ಸುಖವನ್ನು
ಉಳ್ಳವರಿಗೆ ಹೇಗೆ ಹೇಳುವುದು?

ಆಪೆರಾಕ್ಕೂ ಹೋದೆವು.
ನಿಲ್ಲುವವರ ಟಿಕೇಟು, ಸಾಸೇಜಿಗಿಂತ ಅಗ್ಗ.
ಕಟಕಟೆಗೆ ಸ್ಕಾರ್ಫು ಕಟ್ಟಿ ಜಾಗ ಹಿಡಿಯುವುದನ್ನು
ಪಕ್ಕದ ಮುದುಕಿ ಕಲಿಸಿದಳು;
ನಲವತ್ತು ವರ್ಷದಿಂದ ನಿಂತೇ ಕೇಳುತ್ತಿದ್ದಾಳಂತೆ.
ಕೊನೆಯ ಅಂಕದಲ್ಲಿ ನಾಯಕಿ ಬಹಳ ಹೊತ್ತು ಸಾಯುತ್ತಿದ್ದಾಗ
ವೀವಿ ಕುದುರೆಯ ಹಾಗೆ ನಿಂತಲ್ಲೇ ನಿದ್ದೆ ಹೋಗಿದ್ದಳು.
ಚಪ್ಪಾಳೆಗೆ ಬೆಚ್ಚಿ ಎದ್ದು, ‘ಊರು ಬಂತಾ?’ ಅಂದಳು.

ಜಗಳಗಳೂ ಇದ್ದವು, ಚಿಲ್ಲರೆ ಜಗಳ.
ಚಿಲ್ಲರೆ ಅಂದರೆ ನಿಜಕ್ಕೂ ಚಿಲ್ಲರೆಯದು:
ಶೌಚಕ್ಕೆ ಕೊಟ್ಟ ಐವತ್ತು ಸೆಂಟು ಯಾರ ಖಾತೆಗೆ?
ಲುಬ್ಲಿಯಾನಾದಲ್ಲಿ ಅವಳು ಕೊಂಡ ಪೋಸ್ಟ್‌ಕಾರ್ಡು
ಖರ್ಚೋ, ದುಂದೋ?
ಎರಡು ತಾಸು ಮಾತು ಬಿಟ್ಟು ನಡೆದೆವು,
ನದಿಯ ಆ ದಡ ಅವಳು, ಈ ದಡ ನಾನು,
ಒಂದೊಂದು ಸೇತುವೆ ಬಂದಾಗಲೂ
ಇಬ್ಬರೂ ಹೆಜ್ಜೆ ನಿಧಾನ ಮಾಡುತ್ತ.

ತ್ರಿಯೆಸ್ತೆಗೆ ಬರುವಷ್ಟರಲ್ಲಿ
ಅವಳ ಎಡ ಬೂಟಿನ ಅಟ್ಟೆ ಬಾಯಿ ಬಿಟ್ಟಿತ್ತು.
ಬಂದರಿನ ಹಿಂದಿನ ಓಣಿಯಲ್ಲಿ ತುಲ್ಲಿಯೋನ ಕಾಫಿ ಅಂಗಡಿ,
ಗೋಡೆಯ ಹಲಗೆಯಲ್ಲಿ ಎರಡೇ ಸಾಲು:
ನಿಂತು ಕುಡಿದರೆ ಒಂದು ಬೆಲೆ,
ಕೂತು ಕುಡಿದರೆ ಅದರ ಎರಡು ಪಟ್ಟು.
‘ಈ ದೇಶದಲ್ಲಿ ಕುರ್ಚಿಯೂ ಕಾಫಿ ಕುಡಿಯುತ್ತದೆ’ ಅಂದೆ. ವೀವಿ ನಗಲಿಲ್ಲ.
ಮೂರು ದಿನ ನಿಂತೇ ಕುಡಿದೆವು,
ಹಡಗಿನ ಹಮಾಲರ, ಅಂಚೆಯವನ ಮೊಣಕೈಗಳ ನಡುವೆ.
ನಾಲ್ಕನೆಯ ದಿನ ಅವಳು ಸೀದಾ ಹೋಗಿ
ಹೊರಗಿನ ಮೇಜಿಗೆ ಕೂತಳು.
ಬೂಟು ಬಿಚ್ಚಿದಳು. ಎರಡು ಬೆರಳೆತ್ತಿ ತೋರಿದಳು.

ನನ್ನ ತಲೆಯಲ್ಲಿ ಗಿರಗಿರ ಕೂಡುವ ಲೆಕ್ಕ.
ಬಾಗಿಲಲ್ಲೇ ಕಂಬವಾಗಿ ನಿಂತೆ.
ತುಲ್ಲಿಯೋ ತಟ್ಟೆ ಹಿಡಿದು ದಾಟುವಾಗ ಭುಜಕ್ಕೆ ಭುಜ ತಾಗಿಸಿ
ಅವನ ಭಾಷೆಯಲ್ಲಿ ಏನೋ ಅಂದ, ಬೈಗಳವೇ ಇರಬೇಕು.
ಹೋಗಿ ಕೂತೆ.

ಅಲ್ಲಿಂದ ಸಮುದ್ರ ಕಾಣುತ್ತಿರಲಿಲ್ಲ.
ಕಂಡದ್ದು ಸ್ಕೂಟರುಗಳು, ಒಣಹಾಕಿದ ಮೇಜುಬಟ್ಟೆ,
ಮತ್ತು ವೀವಿಯ ಹಿಮ್ಮಡಿ.
ನಾಣ್ಯದಗಲ ಚರ್ಮ ಎದ್ದು ಕಾಲುಚೀಲಕ್ಕೆ ಅಂಟಿತ್ತು.
‘ಯಾವಾಗಿನಿಂದ?’
‘ವಿಯೆನ್ನಾದಿಂದ.’
‘ಹೇಳಬಾರದಿತ್ತಾ?’
‘ಪಟ್ಟಿಯ ಬೆಲೆ ಕೇಳಿದ್ದೆ.’
ಕಾಫಿ, ನಿಂತಾಗಿನ ಕಾಫಿಯ ಹಾಗೇ ಇತ್ತು.
ಆ ಎರಡು ಗುಟುಕನ್ನು ಒಂದು ತಾಸು ಕುಡಿದೆವು.

ನೋಟುಬುಕ್ಕು ಈಗಲೂ ಅಡುಗೆಮನೆಯ ಖಾನೆಯಲ್ಲಿದೆ,
ಚಮಚಗಳ ಕೆಳಗೆ.
ಆ ದಿನದ ಪುಟದಲ್ಲಿ ನಾನು ಒತ್ತಿ ಬರೆದದ್ದು:
ಕುರ್ಚಿ, ಎರಡು, ವೀವಿಯ ಖಾತೆಗೆ.
ಅದರ ಮೇಲೊಂದು ಹಸಿರು ಗೆರೆ,
ಪಕ್ಕದಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ಸೊನ್ನೆ.
ನನ್ನ ಬಳಿ ಹಸಿರು ಪೆನ್ನು ಎಂದೂ ಇರಲಿಲ್ಲ.
ಮನ್ನಾ ಮಾಡಿದ ಸೊನ್ನೆಯೋ, ಮೂತಿಗೆ ತಿವಿದದ್ದೋ,
ಕೇಳಿಬಿಡೋಣವೆಂದೇ ಪ್ರತಿ ಸಲ ಫೋನು ಎತ್ತುತ್ತೇನೆ.
ಅವಳು ತನ್ನ ನಾಯಿಯ ಹಲ್ಲುನೋವಿನ ಸುದ್ದಿ ತೆಗೆಯುತ್ತಾಳೆ.