ಬಹುದು

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ ನಮ್ಮ ಪ್ರೆಸ್ಸು.
ಮದುವೆ ಕಾಗದ, ಕಾಫಿ ಕ್ಯೂರಿಂಗಿನವರ ರಶೀದಿ ಪುಸ್ತಕ,
ಹಾಕಿ ಪಂದ್ಯದ ಪಟ್ಟಿ, ತೀರಿಕೊಂಡವರ ಕಾರ್ಡು:
ಎಲ್ಲದರ ಕರಡೂ ಬರುವುದು ನನ್ನ ಮೇಜಿಗೇ.

ಕಕ್ಕಡ ಹಿಡಿದ ವಾರ ಸಂಘದ ಮಂದಪ್ಪ
ತಪಾಸಣೆ ಶಿಬಿರದ ಕರಪತ್ರ ತಂದರು.
ಸಾವಿರ ಪ್ರತಿ, ಹಸಿರು ಕಾಗದ, ನಾಳಿದ್ದಿಗೆ ಬೇಕು.
ಮೇಲೆ ದಪ್ಪಕ್ಷರ: ಕ್ಯಾನ್ಸರ್ ತಡೆಯುತ್ತದೆ ಈ ಊಟ.
ಕೆಳಗೆ ಬ್ರೊಕೋಲಿ, ಬ್ಲೂಬೆರಿ, ಆಲಿವ್ ಎಣ್ಣೆ,
ಯಾರದೋ ಹಿತ್ತಿಲ ಹೆಸರುಗಳು.

ಬ್ಲೂಬೆರಿ ಗೋಣಿಕೊಪ್ಪ ಸಂತೆಯಲ್ಲಿ ಯಾರ ಬುಟ್ಟಿಯಲ್ಲಿದೆ, ಅಂದೆ.
ಮಂದಪ್ಪ ನಕ್ಕರು. ನೀನೇ ಬರಿ ಹಾಗಾದರೆ,
ಡಾಕ್ಟರಮ್ಮನಿಗೆ ತೋರಿಸಿ ತರುತ್ತೇನೆ.

ಬರೆದೆ. ಕೈಗಿಂತ ಮೊದಲು ಮೂಗು ಬರೆಯಿತು:
ನೀರಲ್ಲಿ ನೆನೆನೆನೆದು ಕಹಿ ಬಿಟ್ಟುಕೊಟ್ಟ ಬೈಂಬಳೆ;
ಹೊಳೆದಂಡೆಯ ತೆರ್ಮೆ, ಸುರುಳಿ ಬಿಚ್ಚುವ ಮೊದಲೇ ಚಿವುಟಿದ್ದು;
ಗಂಟಲು ಕೆರೆಯದಂತೆ ಹುಳಿ ಬಿಟ್ಟು ಬೇಯಿಸಿದ ಕೆಂಬು;
ಗುಡುಗು ಕೇಳಿ ಎದ್ದ ಅಣಬೆ
(ಗುರುತು ಬಲ್ಲವರು ಕಿತ್ತದ್ದು ಮಾತ್ರ);
ಕಿತ್ತಳೆ, ತೊಳೆಯ ನಾರು ಬಿಡಿಸದೆ;
ಪಾಲಿಷ್ ಕಾಣದ ಅಕ್ಕಿ, ಹುರುಳಿ ಸಾರು;
ಕೊನೆಗೆ, ಹದಿನೆಂಟನೆಯ ದಿನದ ಮದ್ದು ಸೊಪ್ಪು.

ಕರಡು ಹಿಂತಿರುಗಿತು, ನೀಲಿ ಶಾಯಿ ಕುಡಿದು.
ತಡೆಯುತ್ತದೆ ಇದ್ದಲ್ಲೆಲ್ಲ ಹೊಡೆದು ಹಾಕಿ
ಡಾಕ್ಟರಮ್ಮ ಬರೆದಿದ್ದರು: ಅಪಾಯ ತಗ್ಗಿಸಬಹುದು.
ಮದ್ದು ಸೊಪ್ಪಿನ ಪಕ್ಕ: ಪುರಾವೆ ನಾನು ಕಂಡಿಲ್ಲ. ಪಾಯಸ ರುಚಿ. ತಿನ್ನಿ.
ಅಡಿಯಲ್ಲಿ ಒಂದು ಹೊಸ ಸಾಲು:
ಒಲೆ ಮೇಲೆ ಹೊಗೆ ಹಿಡಿದ ಮಾಂಸ ಕಡಿಮೆ. ಕುಡಿತ ಇನ್ನೂ ಕಡಿಮೆ.
ಹೊಗೆಸೊಪ್ಪು ಬೇಡವೇ ಬೇಡ.

ಈ ಕೊನೆ ಸಾಲು ಅಚ್ಚಾದರೆ ನಿನ್ನ ಪ್ರೆಸ್ಸಿಗೆ ಕಲ್ಲು ಬೀಳುತ್ತೆ,
ಮಂದಪ್ಪ ತಲೆ ಕೆರೆದುಕೊಂಡರು.
ಇರಲಿ ಬಿಡು. ಆದರೆ ಈ ಬಹುದು, ಬಹುದು, ಬಹುದು!
ಬಹುದು ಅಂದರೆ ಯಾರು ಬರುತ್ತಾರೆ ಶಿಬಿರಕ್ಕೆ?
ತ್ತದೆ ಅಂತಲೇ ಹಾಕು. ಎರಡಕ್ಷರದ ಮಾತು.

ಎರಡಕ್ಷರ.
ಅವ್ವನ ಅಕ್ಕ ಚೀಯವ್ವ ಸೊಪ್ಪಿಲ್ಲದೆ ಉಂಡವಳಲ್ಲ.
ಹಂದಿ ಕರಿಯ ದಿನವೂ ಅವಳ ತಟ್ಟೆಯಂಚಿಗೆ ಒಂದು ಹಿಡಿ ಹಸಿರು.
ಎದೆಯ ಗಂಟನ್ನು ಎಂಟು ತಿಂಗಳು
ಬೀರುವಿನ ಬೀಗದ ಕೈಯಂತೆ ಸೆರಗಲ್ಲಿ ಬಚ್ಚಿಟ್ಟಳು.
ಸತ್ತ ಮೇಲೆ ಬಂದವರು ಚಾವಡಿಯಲ್ಲಿ ಕೂತು ಕೇಳಿದರು,
ಪಾಪ, ಅಂಥದ್ದು ಏನು ತಿಂದಿದ್ದಳೋ.
ಅವ್ವ ಉತ್ತರ ಹುಡುಕುತ್ತ ಅಡುಗೆಮನೆಯಲ್ಲೇ ನಿಂತಳು,
ಡಬ್ಬಿಗಳ ಮುಚ್ಚಳ ಒಂದೊಂದೇ ತೆಗೆದು ನೋಡುತ್ತ.

ತ್ತದೆ ಎಂದು ಅಚ್ಚು ಹಾಕಿದರೆ
ಚೀಯವ್ವ ಮತ್ತೊಮ್ಮೆ ತಪ್ಪಿತಸ್ಥೆ.
ಬಹುದು ಎಂದರೆ ಹಿಂದೊಮ್ಮೆ ಬರುವುದು ಎಂದೇ ಅರ್ಥವಿತ್ತಂತೆ;
ಬಳಸಿ ಬಳಸಿ ಸವೆದು ಹೀಗಾಗಿದೆ,
ಬರುವೆನೆಂದ ನೆಂಟ ಮಳೆಗೆ ಸಿಕ್ಕಿಕೊಂಡ ಹಾಗೆ.
ಬಂದಾನು, ಬಾರದಿರಲೂಬಹುದು;
ಅನ್ನವನ್ನಂತೂ ಒಂದು ಸೇರು ಹೆಚ್ಚೇ ಇಡುತ್ತೇವೆ.

ಮಂದಪ್ಪನವರೇ, ಇದು ತಿದ್ದಿಯಾಯಿತು, ಅಂದೆ.
ಅವರು ಮುಂಗಡ ಎಣಿಸಿ ಕೊಟ್ಟು ಕೊಡೆ ಬಿಚ್ಚಿದರು.

ಹದಿನೆಂಟರ ರಾತ್ರಿ ಮನೆ ತುಂಬ ಮದ್ದು ಸೊಪ್ಪಿನ ಘಮ,
ಪಾತ್ರೆಯಲ್ಲಿ ನೇರಳೆಗಿಂತ ಕಡು ಬಣ್ಣ.
ಬೆಳಿಗ್ಗೆ ಮಕ್ಕಳು ಬಚ್ಚಲಿನಿಂದ ಕೂಗಿದರು, ಕೆಂಪು, ಕೆಂಪು!
ನಾನೂ ನಕ್ಕೆ. ತುಪ್ಪ ಸ್ವಲ್ಪ ಹೆಚ್ಚಾಗಿತ್ತು.

ಶಿಬಿರ ಸಮುದಾಯ ಭವನದಲ್ಲಿ.
ಬೆಂಚಿನ ಮೇಲೆ ಇಪ್ಪತ್ತೆರಡು ಹೆಂಗಸರು,
ಕೈಯಲ್ಲಿ ಹಸಿರು ಕಾಗದ, ಕೆಲವರದು ಬೀಸಣಿಗೆಯಾಗಿದೆ.
ಹುರುಳಿಯಲ್ಲಿ ಒಂದು ಕೊಂಬು ತಪ್ಪಿದೆ, ಈಗ ಕಾಣಿಸಿತು.
ಒಳಗಿನಿಂದ ನರ್ಸ್ ಫಿಲೋಮಿನಾ
ನನ್ನ ಹೆಸರು ಕರೆದಳು.